ಬಸುರಿ ಕಬ್ಬಿಣ, ಎರಡು ನಿಂಬೆಹಣ್ಣು

ಅಮರೇಶ, ಸುಧಾ, ಹೋದ ಭಾನುವಾರ ನೀವು ಮೊಮ್ಮಕ್ಕಳಿಬ್ಬರೂ ಯಾದಗಿರಿಯಿಂದ ಬಂದಾಗ ಬೇವಿನ ಗಿಡದ ಕೆಳಗೆ ಮೋಟಾರ್ ಸೈಕಲ್ ನಿಲ್ಲಿಸಲು ಜಾಗ ಮಾಡುತ್ತಿದ್ದಿರಿ. ಅಲ್ಲಿ ವರ್ಷಾನುಗಟ್ಟಲೆ ಮಣ್ಣಿನಲ್ಲಿ ಅರ್ಧ ಹೂತು ಕೂತಿದ್ದ ಕಬ್ಬಿಣದ ದೊಡ್ಡ ಗಂಟನ್ನು ಹಾರೆ ಹಾಕಿ ಉರುಳಿಸಿದಿರಿ. ಅದರೊಳಗಿಂದ ಒಂದು ಸವುಟಿನಷ್ಟು ಕಪ್ಪು ಎಣ್ಣೆ ನೆಲಕ್ಕೆ ಸುರಿಯಿತು. ಸುಧಾ ಮೂಗು ಮುಚ್ಚಿಕೊಂಡು, "ಆಯಿ, ಏನಿದು ಹೊಟ್ಟಿ ಬಂದ ಕಬ್ಬಣ? ಗುಜರಿಗಿ ಹಾಕೋಣೇನು?" ಎಂದಳು. ನಾನು ಒಳಗೆ ಒಲೆಯ ಮುಂದಿದ್ದೆ. ಆ ವಾಸನೆ ಅಡುಗೆಮನೆಯ ತನಕ ಬಂತು. ಸುಟ್ಟ ಬೆಳ್ಳುಳ್ಳಿ, ಹಳೇ ಬೆಂಕಿಕಡ್ಡಿ, ಹಸಿ ಕಬ್ಬಿಣ, ಮೂರನ್ನೂ ಕೂಡಿಸಿದಂಥ ವಾಸನೆ. ಬೇಯುತ್ತಿದ್ದ ರೊಟ್ಟಿ ಹಂಚಿನ ಮೇಲೆಯೇ ಸೀದುಹೋಯಿತು. ಹೊರಗೆ ಬಂದು, "ಇರ್ಲಿ ಬಿಡ್ರಿ ಅದು," ಎಂದಷ್ಟೇ ಹೇಳಿ ಮತ್ತೆ ಒಳಗೆ ಹೋದೆ.

ಅಷ್ಟು ಹೇಳಿದ್ದು ಸಾಲದೆಂದು ನನಗೂ ಗೊತ್ತಿತ್ತು. ಆದರೆ ನಿಮ್ಮ ಆಯಿಯ ಬಾಯಿ ನಿಮಗೆ ಗೊತ್ತೇ ಇದೆ. ನಾಲ್ಕು ಮಂದಿ ಎದುರಿಗಿದ್ದರೆ ಮಾತು ಗಂಟಲಿನ ತನಕ ಬಂದು ಅಲ್ಲೇ ಕಂಬಳಿ ಹೊದ್ದು ಮಲಗಿಬಿಡುತ್ತದೆ. ಊರ ಶಾಲೆಯಲ್ಲಿ ಏಳನೆಯ ತರಗತಿಯ ತನಕ ಓದಿದೆ. ಅಷ್ಟೂ ವರ್ಷ ಮಾಸ್ತರರು ಏನು ಕೇಳಿದರೂ ಉತ್ತರವನ್ನು ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆ, ಬಾಯಿಂದ ಹೇಳಿದ್ದು ನೆನಪಿಲ್ಲ. ಈಗಲೂ ಹಾಗೆಯೇ ಬರೆದು ತೋರಿಸುತ್ತಿದ್ದೇನೆ. ಪಾಟಿಯ ಬದಲು ಸುಧಾ ಬಿಟ್ಟುಹೋದ ಹಳೇ ನೋಟ್‌ಬುಕ್ಕು.

ಆ ಕಬ್ಬಿಣದ ಹೆಸರು ಡಿಫರೆನ್ಶಿಯಲ್. ನಮ್ಮ ಮನೆಯಲ್ಲಿ ಮಾತ್ರ ಅದನ್ನು ಆ ಹೆಸರಿನಿಂದ ಯಾರೂ ಕರೆಯಲಿಲ್ಲ. ನಿಮ್ಮ ನಾಗಮ್ಮಜ್ಜಿ ಅದನ್ನು ಮೊದಲ ಸಲ ನೋಡಿದ ದಿನವೇ "ಬಸರಿ" ಎಂದು ಹೆಸರಿಟ್ಟಳು. ಎರಡು ಕಡೆ ಉದ್ದ ಕೈ ಚಾಚಿಕೊಂಡು, ನಡುವೆ ದುಂಡಗೆ ಹೊಟ್ಟೆ ಬಿಟ್ಟುಕೊಂಡು, ಮುಂದಕ್ಕೊಂದು ಮೂಗು ಮಾಡಿಕೊಂಡು ಕೂತಿತ್ತು. ಹೆಸರು ಸರಿಯಾಗಿಯೇ ಇತ್ತು.

ನಾಗಮ್ಮ ನಿಮಗೆ ಈಗ ಶಹಾಪುರದ ರೊಟ್ಟಿ ಅಜ್ಜಿಯೆಂದು ಗೊತ್ತು. ಹೋದಾಗಲೆಲ್ಲ ಶೇಂಗಾ ಹಿಂಡಿ ಕಟ್ಟಿಕೊಡುತ್ತಾಳೆ, ಬೈಯುತ್ತಲೇ ಕಟ್ಟಿಕೊಡುತ್ತಾಳೆ. ಅವಳು ನಿಮ್ಮ ಮುತ್ಯಾನ ತಂಗಿ, ನನಗೆ ನಾದಿನಿ. ಮೂರು ವರ್ಷದವಳಿದ್ದಾಗ ಜ್ವರ ಬಂದು ಎಡಗಾಲು ಸೊರಗಿತು. ಕಾಲಿಗೆ ಹೋಗಬೇಕಾದ ಶಕ್ತಿಯೆಲ್ಲ ನಾಲಿಗೆಗೆ ಹೋಯಿತೆಂದು ಅವಳೇ ನಗುತ್ತಿದ್ದಳು. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅವಳಿಗೆ ಹದಿನಾಲ್ಕು. ನಾನು ಮಾತಾಡದವಳು, ಅವಳು ನಡೆಯದವಳು. ಬಂದ ವಾರದಲ್ಲೇ ನಮ್ಮಿಬ್ಬರ ನಡುವೆ ಒಂದು ಏರ್ಪಾಡು ತಾನಾಗಿಯೇ ಆಗಿಹೋಯಿತು. ಅವಳಿಗೆ ಬೇಕಾದಲ್ಲಿಗೆ ನಾನು ಹೋಗಿ ಬರುವುದು, ನನಗೆ ಹೇಳಬೇಕಾದದ್ದನ್ನು ಅವಳ ಕಿವಿಯಲ್ಲಿ ಹೇಳುವುದು, ಅವಳು ಅದನ್ನು ಊರಿಗೆ ಕೇಳಿಸುವ ಹಾಗೆ ಹೇಳುವುದು. ಬಳೆಗಾರ ಬಂದರೂ ಹಾಗೆಯೇ, ಮಾವನವರು ಸಾರಿಗೆ ಉಪ್ಪು ಹೆಚ್ಚಾಯಿತೆಂದರೂ ಹಾಗೆಯೇ. ಅಣ್ಣನ ಹೆಂಡತಿಯೆಂದು ನಾನು ಅವಳಿಗೆ ವೈನಿ. "ವೈನಿ ಹೇಳಾಕತ್ತಾಳ" ಎಂದು ಅವಳು ಶುರು ಮಾಡುತ್ತಿದ್ದಳು ಮೊದಮೊದಲು. ಬರಬರುತ್ತಾ ಆ ಎರಡು ಶಬ್ದ ಬಿಟ್ಟುಹೋದವು. ಅದನ್ನು ಇಲ್ಲಿ ಬರೆದಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಮಾವನವರು ತೀರಿಹೋದ ಮೇಲೆ ನಮ್ಮ ಮನೆಯಲ್ಲಿ ಹಿರಿಯರೆಂದರೆ ನಿಮ್ಮ ಮುತ್ಯಾನ ಅಣ್ಣ, ನನ್ನ ಬಾವ. ಹೊಲ ಅವರದು, ಮಾತೂ ಅವರದು. ಕೆಟ್ಟವರಲ್ಲ. ತಂಗಿಗೆ ಇಪ್ಪತ್ತೈದು ದಾಟಿತು, ತಾವು ಕಣ್ಣು ಮುಚ್ಚಿದ ಮೇಲೆ ಅವಳ ಗತಿ ಏನೆಂಬ ಚಿಂತೆ ಅವರಿಗೆ. ಗುರುಮಠಕಲ್ಲಿನ ಕಡೆ ಒಬ್ಬ ವಿಧುರ ಸಿಕ್ಕಿದ್ದ. ದೊಡ್ಡ ಮಕ್ಕಳಿದ್ದರು, ಮನೆಯಲ್ಲಿ ಅಡುಗೆ ಮಾಡುವವರಿರಲಿಲ್ಲ.

"ಕೂತಲ್ಲಿ ಊಟ ಸಿಗ್ತದ. ಎರಡು ಎಮ್ಮಿ ಅವ. ಇನ್ನೇನ್ ಬೇಕು ನಿನಗ?" ಎಂದರು ಬಾವ.

"ಎಮ್ಮಿ ಬೇಕಂದ್ರ ಎಮ್ಮಿ ತರೋಣ ದೊಡ್ಡಣ್ಣ. ಅದರ ಸಂಗಾಟ ಮುದುಕ ಯಾಕ?" ಎಂದಳು ನಾಗಮ್ಮ. ನಕ್ಕಳು. ಆದರೆ ಆ ದಿನ ಅವಳು ಊಟ ಮಾಡಲಿಲ್ಲ.

ಅವಳ ಮನಸ್ಸಿನಲ್ಲಿದ್ದದ್ದು ಬೇರೆ. ಶಹಾಪುರದ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಖಾನಾವಳಿಯವರು ದಿನಾ ನಮ್ಮಿಂದ ಖಡಕ್ ರೊಟ್ಟಿ ತೆಗೆದುಕೊಳ್ಳುತ್ತೇವೆಂದಿದ್ದರು. ಬಡಿಯುವುದು ನಾನು, ಒಣಗಿಸಿ ಜೋಡಿಸುವುದು ಅವಳು, ಒಯ್ದು ಕೊಟ್ಟು ಮಾತಾಡಿ ಬರುವುದೂ ಅವಳೇ ಆಗಬೇಕು, ನನ್ನಿಂದ ಅದು ಆಗುವ ಮಾತಲ್ಲ. ಒಂದು ಕಂಕುಳಲ್ಲಿ ಬಡಿಗೆ, ಇನ್ನೊಂದು ಕೈಯಲ್ಲಿ ರೊಟ್ಟಿಯ ಗಂಟು ಹಿಡಿದು ಬಸ್ಸು ಹತ್ತಿದಳು ನಾಲ್ಕು ದಿನ. ಖಡಕ್ ರೊಟ್ಟಿ ಎಂದರೆ ನಿಮಗೆ ಗೊತ್ತಲ್ಲ, ಕೆಮ್ಮಿದರೂ ಒಡೆಯುತ್ತದೆ. ಶಹಾಪುರ ಮುಟ್ಟುವಷ್ಟರಲ್ಲಿ ಗಂಟಿನಲ್ಲಿ ನುಚ್ಚು ಉಳಿಯುತ್ತಿತ್ತು. ಖಾನಾವಳಿಯ ಅಮ್ಮ, "ನೀವು ರೊಟ್ಟಿ ತಂದೀರೊ, ಕೋಳಿಗಿ ಕಾಳು ತಂದೀರೊ?" ಎಂದು ಕೇಳಿದಳಂತೆ.

ಆಗ ನಿಮ್ಮ ಮುತ್ಯಾ ಹೇಳಿದರು, "ನಾನೇ ಒಂದು ಗಾಡಿ ಮಾಡಿಕೊಡ್ತೀನಿ. ಮೂರು ಗಾಲಿದು. ನಾಗಿ ಕೂತೇ ನಡಸ್ಲಿ."

ಮುತ್ಯಾನ ಕೆಲಸ ಪಂಪ್‌ಸೆಟ್ ರಿಪೇರಿ. ನಮ್ಮೂರು ಸಗರದ ಸುತ್ತಮುತ್ತ ಯಾವ ಬಾವಿಯ ಮೋಟಾರು ಕೆಮ್ಮಿದರೂ ಅವರನ್ನೇ ಕರೆಯುತ್ತಿದ್ದರು. ಹಳೇ ಮೋಟಾರ್ ಸೈಕಲ್ಲೊಂದರ ಇಂಜಿನ್ನು ನಮ್ಮ ಕೊಟ್ಟಿಗೆಯಲ್ಲಿ ಮೊದಲಿನಿಂದ ಇತ್ತು. ಎಮ್ಮೆ ಅದಕ್ಕೆ ಮೈ ತುರಿಸಿಕೊಳ್ಳುತ್ತಿತ್ತು.

ಬಾವ, "ದೀಪಾವಳಿ ತನಕ ನೋಡ್ತೀನಿ," ಎಂದರು. "ಅಷ್ಟ್ರಾಗ ನಿಮ್ಮ ಗಾಡಿ ಶಹಾಪುರಕ್ಕ ಹೋಗಿ ಬಂತಂದ್ರ ಆತು. ಇಲ್ಲಂದ್ರ ನಾ ಗುರುಮಠಕಲ್ಲಿಗಿ ಹೂಂ ಅಂತ ಹೇಳಿ ಕಳಸ್ತೀನಿ. ಆಮ್ಯಾಲ ಯಾರೂ ಬಾಯಿ ತೆಗಿಬಾರ್ದು."

ಬಾಯಿ ತೆಗೆಯುವ ಮಾತು ಬಂದಾಗ ಎಲ್ಲರೂ ನಾಗಮ್ಮನ ಕಡೆ ನೋಡಿದರು. ನನ್ನ ಕಡೆ ಯಾರೂ ನೋಡಲಿಲ್ಲ.

ಮೊದಲ ಗಾಡಿಗೆ ಹಿಂದಿನ ಎರಡು ಗಾಲಿಗೂ ಕೂಡಿಸಿ ಒಂದೇ ಸರಳು. ಸುರಪುರದ ಲೇತ್‌ನವರು ಕೊರೆದುಕೊಟ್ಟದ್ದು. ಅವರು ಗುಡ್ಡದ ಊರಿನವರು, ಅವರಿಗೆ ಏರುವುದು ಇಳಿಯುವುದು ಮುಖ್ಯ, ತಿರುಗುವ ಚಿಂತೆ ಕಡಿಮೆಯೋ ಏನೋ. ಗಾಡಿ ನೆಟ್ಟಗೆ ಚೆನ್ನಾಗಿಯೇ ಹೋಯಿತು. ಹಣಮಂತದೇವರ ಕಟ್ಟೆಯ ಮೂಲೆಯಲ್ಲಿ ನಾಗಮ್ಮ ಹ್ಯಾಂಡಲ್ ತಿರುಗಿಸಿದಳು. ಮುಂದಿನ ಗಾಲಿ ತಿರುಗಿತು, ಗಾಡಿ ತಿರುಗಲಿಲ್ಲ. ಹಿಂದಿನ ಗಾಲಿಗಳು ಎರಡೂ ಹಟ ಹಿಡಿದು ನೆಲ ಗೀರುತ್ತಾ ಅವಳನ್ನು ನೆಟ್ಟಗೆ ದೂಡಿಕೊಂಡು ಹೋಗಿ ಮೂಲೆಮನೆಯ ಗೌರಮ್ಮನ ನೀರಿನ ತೊಟ್ಟಿಗೆ ಮುಟ್ಟಿಸಿದವು. ರೊಟ್ಟಿಯೆಲ್ಲ ನುಚ್ಚು. ಆ ವಾರವೆಲ್ಲ ನಾವು ನುಚ್ಚು ರೊಟ್ಟಿಯನ್ನು ಮೊಸರಲ್ಲಿ ನೆನೆಸಿ ತಿಂದೆವು, ಸಾರಲ್ಲಿ ನೆನೆಸಿ ತಿಂದೆವು, ಕೊನೆಗೆ ಎಮ್ಮೆಗೂ ಇಟ್ಟೆವು.

ಆಮೇಲೆ ಮುತ್ಯಾ ಒಂದು ಗಾಲಿಯನ್ನು ಸರಳಿನಿಂದ ಬಿಡಿಸಿ ತನ್ನ ಪಾಡಿಗೆ ತಿರುಗಲು ಬಿಟ್ಟರು. ಈಗ ಗಾಡಿ ತಿರುಗಿತು, ಆದರೆ ಒಂದೇ ಗಾಲಿಯ ಬಲದಿಂದ ಯಾವಾಗಲೂ ಎಡಕ್ಕೇ ಎಳೆಯುತ್ತಿತ್ತು. ಮಳೆ ಬಿದ್ದ ಎರೆಮಣ್ಣಿನಲ್ಲಂತೂ ಆ ಗಾಲಿ ಬೆಣ್ಣೆ ಕಡೆದ ಹಾಗೆ ಅಲ್ಲೇ ತಿರುಗುತ್ತಾ ನಿಂತಿತು. "ಇದು ಗಾಡಿ ಅಲ್ಲಣ್ಣ, ರಾಟಿ," ಎಂದಳು ನಾಗಮ್ಮ.

ಮುತ್ಯಾ ಎರಡು ದಿನ ಬೀಡಿ ಸೇದಿ, "ಡಿಫರೆನ್ಶಿಯಲ್ ಬೇಕು," ಎಂದರು. ಬಾವ ಒಪ್ಪಲಿಲ್ಲ. "ಎರಡು ಗಾಲಿ ಅವ, ಎರಡೂ ತಿರುಗ್ತಾವ. ನಡುವ ಮತ್ತೊಂದು ಯಾಕ?" ಮುತ್ಯಾ ನೆಲದ ಮೇಲೆ ಕಡ್ಡಿಯಿಂದ ಹಲ್ಲುಚಕ್ರದ ಚಿತ್ರ ಬಿಡಿಸಿದರು. ಬಾವನಿಗೆ ಅದು ರಂಗೋಲಿಯಂತೆ ಕಂಡಿರಬೇಕು. ನಾನು ಬಾಗಿಲ ಹಿಂದೆ ಜೋಳ ಹಸನು ಮಾಡುತ್ತಿದ್ದೆ. ಮುತ್ಯಾ ಹೇಳುವುದು ನನಗೆ ಅರ್ಥವಾಯಿತು, ಹೇಳುವ ರೀತಿ ಸರಿಯಿಲ್ಲ ಎನ್ನುವುದೂ ಅರ್ಥವಾಯಿತು. ನಾಗಮ್ಮನ ಕಿವಿಯಲ್ಲಿ ಹೇಳಿದೆ. ಅವಳು ಗಟ್ಟಿಯಾಗಿ ಕೇಳಿದಳು.

"ದೊಡ್ಡಣ್ಣ, ಕಣದಾಗ ಹಂತಿ ಕಟ್ಟಿ ಎತ್ತು ಸುತ್ತು ಹಾಕಿಸ್ತೀಯಲ್ಲ, ನಡುವಿನ ಮೇಟಿಕಂಬದ ಹತ್ರದ ಎತ್ತು ಎಷ್ಟು ನಡೀತದ?"

"ಅದೇನು, ನಿಂತಲ್ಲೇ ಕಾಲು ಕಿತ್ತಿಡ್ತದ."

"ಹೊರಗಿನ ಎತ್ತು?"

"ಅದು ಓಡಬೇಕು. ಅದಕ್ಕೇ ಹೊರಗ ಹರೇದ ಎತ್ತು ಕಟ್ಟೋದು."

"ಎರಡೂ ಎತ್ತಿನ ಕಾಲಿಗಿ ಒಂದೇ ಕಬ್ಬಣದ ಸಳಿ ಕಟ್ಟಿ ತಿರುಗಂದ್ರ?"

ಬಾವ ಕೈಯಿಂದ ಗಾಳಿಯಲ್ಲೇ ಒಂದು ಸುತ್ತು ಹಾಕಿ ನೋಡಿದರು. "ಬೀಳ್ತಾವ," ಎಂದರು.

"ನಮ್ಮ ಗಾಡಿನೂ ಹಂಗೇ ಬಿತ್ತು. ಒಳಗಿನ ಗಾಲಿಗಿ ಸಣ್ಣ ಹೆಜ್ಜಿ, ಹೊರಗಿನದಕ್ಕ ದೊಡ್ಡ ಹೆಜ್ಜಿ ಹಾಕಾಕ ಬಿಡೋದೇ ಆ ಡಿಫರೆನ್ಶಿಯಲ್."

ಬಾವ ತೊಡೆ ತಟ್ಟಿಕೊಂಡು ನಕ್ಕರು. "ನೋಡೋ ತಮ್ಮಾ, ನಿನಗ ಬರ್ದೇ ಇದ್ದದ್ದು ನಾಗಿಗಿ ಬಂತು. ಕಾಲಿಂದ ಕಸಗೊಂಡಿದ್ದು ದೇವರು ತಲ್ಯಾಗ ಇಟ್ಟಾನ." ಅದರ ನಂತರ ಊರಲ್ಲಿ ಹತ್ತು ಮಂದಿಯ ಮುಂದೆ ಆ ಮಾತು ಹೇಳಿದರು. ನಾಗಮ್ಮ ಒಮ್ಮೆಯೂ "ಅದು ವೈನಿ ಹೇಳಿದ್ದು" ಎನ್ನಲಿಲ್ಲ. ನಾನೂ ಅನ್ನಿಸಲಿಲ್ಲ. ಜೋಳದಲ್ಲಿ ಕಲ್ಲು ಆರಿಸುತ್ತಾ ಕೂತೆ. ಆ ದಿನ ಬಹಳ ಕಲ್ಲು ಸಿಕ್ಕವು.

ಯಾದಗಿರಿಯ ಗುಜರಿಗೆ ಮೂವರೂ ಹೋದೆವು. ನಾಗಮ್ಮ ತನ್ನ ಗಾಡಿಯ ಸಾಮಾನು ತಾನೇ ನೋಡಬೇಕೆಂದು ಹಟ ಹಿಡಿದಳು, ಅವಳನ್ನು ಹಿಡಿದುಕೊಳ್ಳಲು ನಾನು. ಭೀಮೆಯ ಸೇತುವೆಯ ಮೇಲೆ ಬಸ್ಸು ಹೋಗುವಾಗ ಅವಳು ಕಿಟಕಿಯಿಂದ ನೀರು ನೋಡುತ್ತಾ, "ವೈನಿ, ಈ ದಾರಿನೇ ಗುರುಮಠಕಲ್ಲಿಗಿ ಹೋಗ್ತದ," ಎಂದಳು. ನಾನು ಅವಳ ಕೈ ಹಿಡಿದುಕೊಂಡೆ.

ಗುಜರಿಯ ಸಾಹೇಬರು ವಯಸ್ಸಾದವರು. ತುಕ್ಕಿನ ಗುಡ್ಡಗಳ ನಡುವೆ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದರು. "ಬರ್ರಿ ಅಕ್ಕಾ, ಬರ್ರಿ. ಇಲ್ಲಿ ಹುಡುಕಿದ್ರ ರೈಲೂ ಸಿಗ್ತದ."

"ರೈಲು ಬ್ಯಾಡ್ರಿ ಚಾಚಾ, ನಮ್ಮ ಬಾಗಲ ಸಣ್ಣದದ," ಎಂದಳು ನಾಗಮ್ಮ. ಅಲ್ಲಿಂದ ಅವರಿಬ್ಬರದೂ ಜೋಡಿಯಾಯಿತು.

ಎರಡು ಡಿಫರೆನ್ಶಿಯಲ್ ತೋರಿಸಿದರು. ಒಂದು ಯಾವುದೋ ಸಣ್ಣ ಗಾಡಿಯದು, ಅಗಲ ಕಡಿಮೆ, ತೂಕ ಕಡಿಮೆ. ಇನ್ನೊಂದು ಹಳೇ ವ್ಯಾನಿನದು, ಅಗಲ, ಭಾರ. ಮುತ್ಯಾನಿಗೆ ಸಣ್ಣದು ಬೇಕು, ನಮ್ಮೂರ ಸಂದಿಗೆ ಹೊಂದುತ್ತದೆ, ಇಂಜಿನ್ನಿಗೆ ಹಗುರ. ನಾಗಮ್ಮನಿಗೆ ಅಗಲದ್ದು ಬೇಕು. "ನಾ ಬಿದ್ರ ಏಳಾಕ ಒಂದು ತಾಸು ಬೇಕಣ್ಣ. ಬೀಳದ ಗಾಡಿ ಮಾಡು." ಸಾಹೇಬರು ವ್ಯಾನಿನದರ ಮೂಗನ್ನು ಇಂಜಿನ್ನು ತಿರುಗಿಸುವ ಕಡೆಗೇ ಕೈಯಿಂದ ತಿರುಗಿಸಿ ತೋರಿಸಿದರು, ಗಾಲಿ ಕೂರುವ ತುದಿಯ ತಟ್ಟೆಗಳೆರಡೂ ಮುಂದಕ್ಕೆ ತಿರುಗಿದವು. ಹತ್ತಿರ ಬಗ್ಗಿ ನೋಡುತ್ತಿದ್ದ ನನ್ನ ಸೆರಗಿನ ತುದಿಯನ್ನು ತಟ್ಟೆ ತನ್ನ ಮೇಲೆ ಹಾಕಿಕೊಂಡು ಮೂಗಿನ ಕಡೆಗೆ ಎಳೆದುಕೊಂಡು ಹೋಯಿತು, ನಾನು ಕಿತ್ತುಕೊಂಡೆ. ಆಮೇಲೆ ಅವರು ಮೂಗನ್ನು ಗಟ್ಟಿಯಾಗಿ ಹಿಡಿದು ಒಂದೇ ತಟ್ಟೆ ತಿರುಗಿಸಿದರು. ಇದು ಮುಂದಕ್ಕೆ ಹೋದರೆ ಆಚೆ ತುದಿಯದು ಹಿಂದಕ್ಕೆ ಹೋಯಿತು. ನಾಗಮ್ಮ, "ಇದು ನಮ್ಮ ಅಣ್ಣತಮ್ಮರಂಗೇ ಅದ," ಎಂದಳು. ನಗುವಿನ ರಭಸಕ್ಕೆ ಸಾಹೇಬರು ಪಕ್ಕದಲ್ಲಿಟ್ಟಿದ್ದ ಚಹಾ ಚೆಲ್ಲಿತು.

ಯಾವುದು ಒಳಗಿಂದ ಗಟ್ಟಿ ಎಂದು ಮುತ್ಯಾ ಅಲುಗಾಡಿಸಿ, ಕಿವಿಯಿಟ್ಟು ನೋಡುತ್ತಲೇ ಇದ್ದರು. ಅವರು ನಾಗಮ್ಮನ ಜೊತೆ ವಾದಕ್ಕಿಳಿದಾಗ ನಾನು ಸುಮ್ಮನೆ ಎರಡರ ಎಣ್ಣೆಯ ತೂತಿನೊಳಗೂ ಬೆರಳು ಹಾಕಿ, ಹೆಬ್ಬೆರಳಿಗೆ ತಿಕ್ಕಿ ನೋಡಿದೆ. ಹಿಟ್ಟು ಬೀಸಿಕೊಂಡು ಬಂದಾಗ ನಾವು ನೋಡುವುದಿಲ್ಲವೇ, ಗಿರಣಿಯ ಕಲ್ಲು ಸವೆದಿದ್ದರೆ ಹಿಟ್ಟಿನಲ್ಲಿ ಗರಗರ ಸಿಗುತ್ತದೆ, ಹಾಗೆ. ಸಣ್ಣದರ ಎಣ್ಣೆಯಲ್ಲಿ ಗರಗರ ಸಿಕ್ಕಿತು. ಬಿಸಿಲಿಗೆ ಹಿಡಿದರೆ ಬೆಳ್ಳಿಯ ಪುಡಿಯಂತೆ ಮಿನುಗಿತು. ವ್ಯಾನಿನದರ ಎಣ್ಣೆ ಕಾಡಿಗೆಯಂತೆ ಕಪ್ಪು, ಆದರೆ ನುಣುಪು. ನಾಗಮ್ಮನ ಕಿವಿಗೆ ಬಗ್ಗಿದೆ.

"ಚಾಚಾ, ಸಣ್ಣದರ ಹಲ್ಲು ಸವದಾವ. ಎಣ್ಣ್ಯಾಗ ಕಬ್ಬಣದ ಹಿಟ್ಟು ಬಂದದ," ಎಂದಳು ಅವಳು ನೆಟ್ಟಗೆ.

ಸಾಹೇಬರು ನನ್ನ ಕಪ್ಪಾದ ಬೆರಳು ನೋಡಿದರು, ನಾಗಮ್ಮನ ಬೆಳ್ಳಗಿನ ಬೆರಳು ನೋಡಿದರು, ನಕ್ಕರು. ಆ ನಗುವನ್ನು ನಾನು ಬಹಳ ದಿನ ಇಟ್ಟುಕೊಂಡಿದ್ದೆ. ಹೀಗೆ ಬಸುರಿ ನಮ್ಮ ಮನೆಗೆ ಬಂತು. ಬಸ್ಸಿನ ಮೇಲೆ ಏರಿಸಲು ನಾಲ್ಕು ಮಂದಿ ಬೇಕಾದರು.

ಜೋಡಿಸುವಾಗ ಮುತ್ಯಾನಿಗೆ ಒಂದು ತೊಡಕು ಕಂಡಿತು. ಬಸುರಿಯ ಮೂಗು ಬಹಳ ಕೆಳಗೆ ಬರುತ್ತಿತ್ತು. ನಮ್ಮ ದಾರಿಯ ನಡುವೆ ಬಂಡಿ ಗಾಲಿಗಳು ಬಿಟ್ಟ ದಿಬ್ಬ, ಅದರಲ್ಲಿ ಕಲ್ಲು. ಬಡಿದರೆ ಮೂಗು ಮುರಿಯುತ್ತದೆ. ಮುತ್ಯಾ ಯೋಚಿಸಿ ಯೋಚಿಸಿ ಅದನ್ನು ಕೆಳಮೇಲು ಮಾಡಿ ಕೂರಿಸಿದರು. ಮೂಗು ಮೇಲಕ್ಕೆ ಬಂತು. ಇಂಜಿನ್ನಿನಿಂದ ಮೂಗಿಗೆ ಸುರಪುರದವರೇ ಒಂದು ಗಿಡ್ಡ ಸರಳು ಮಾಡಿಕೊಟ್ಟರು. ಎಲ್ಲರೂ ಮುತ್ಯಾನ ಬುದ್ಧಿಯನ್ನು ಹೊಗಳಿದರು. ಸ್ವಲ್ಪ ಎಣ್ಣೆ ತೊಟ್ಟಿಕ್ಕುತ್ತಿತ್ತು, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ದೀಪಾವಳಿಗೆ ನಾಲ್ಕು ದಿನವಿದ್ದಾಗ ಗಾಡಿಯ ಪೂಜೆ. ಗಾಡಿ ಅಗಲವಾದದ್ದರಿಂದ ನಮ್ಮ ಹೆಬ್ಬಾಗಿಲಲ್ಲಿ ಹಿಡಿಯದೆ ಬೀದಿಯಲ್ಲೇ ನಿಂತಿತ್ತು. ಹಿಂದಿನ ಗಾಲಿಗಳು ನೆಲಕ್ಕೆ ತಾಗದಂತೆ ಕೆಳಗೆ ಕಲ್ಲು ಕೊಟ್ಟಿದ್ದರು. ನಾನು ಟಾಯರುಗಳ ಮೇಲೆ ಮೂರೆಳೆ ವಿಭೂತಿ ಬಳಿದು ಬಾಗಿಲಿಗೆ ಹಿಂದಿರುಗಿದೆ. ನಾಗಮ್ಮ ಹೊಸ ಇಲಕಲ್ ಸೀರೆ ಉಟ್ಟು ಗಾಡಿಯ ಮೇಲೆ ಕೂತಿದ್ದಳು. ಬೀದಿಯ ತುಂಬ ಮಂದಿ. ಯಾರೋ ಹೆಂಗಸು, "ಏನೇ ನಾಗಿ, ನಿನ್ನ ವೈನಿನೂ ಕೂಡಿಸಿಕೊಂಡು ಹೋಗ್ತೀ ಏನು ಶಹಾಪುರಕ್ಕ?" ಎಂದು ಕೇಳಿದಳು.

"ಅಕಿನ್ನ ಕರಕೊಂಡು ಹೋಗಿ ಏನ್ ಮಾಡ್ಲಿ? ನಮ್ಮ ವೈನಿ ಬಾಯಿಗಿ ಬೀಗ ಹಾಕ್ಯಾರ. ಕೀಲಿ ನನ್ನ ಹತ್ರ ಅದ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಮುತ್ಯಾ ಇಂಜಿನ್ ಶುರು ಮಾಡಿ ಗೇರು ಹಾಕಿದರು. ಎತ್ತಿ ನಿಲ್ಲಿಸಿದ್ದ ಗಾಲಿಗಳು ಮೆಲ್ಲಗೆ ತಿರುಗಿದವು. ಮಂದಿ ಚಪ್ಪಾಳೆ ತಟ್ಟಿದರು. ನಾನು ವಿಭೂತಿಯ ಗೆರೆಗಳನ್ನೇ ನೋಡುತ್ತಿದ್ದೆ, ನಾನೇ ಬಳಿದದ್ದಲ್ಲವೇ. ಟಾಯರಿನ ಮೇಲಿದ್ದ ಗೆರೆ ಮುಂದಕ್ಕೆ ಇಳಿಯಬೇಕಿತ್ತು, ಅದು ಹಿಂದಕ್ಕೆ ಇಳಿಯಿತು. ಗುಜರಿಯಲ್ಲಿ ನನ್ನ ಸೆರಗನ್ನು ತಟ್ಟೆ ಮೂಗಿನ ಕಡೆಗೆ ಎಳೆದುಕೊಂಡಿತ್ತು. ಈಗ ಅದೇ ತಟ್ಟೆಗೆ ಕೂರಿಸಿದ ಗಾಲಿ ಮೂಗಿನಿಂದ ಆಚೆಗೆ ತಿರುಗುತ್ತಿದೆ. ಅಲ್ಲಿ ಮೂಗು ಕೆಳಗಿತ್ತು, ಇಲ್ಲಿ ಮೇಲಿದೆ. ನನಗೆ ಆ ಕ್ಷಣದಲ್ಲೇ ಎಲ್ಲ ತಿಳಿಯಿತು. ಇನ್ನೆರಡು ನಿಮಿಷದಲ್ಲಿ ಗಾಡಿ ಇಳಿಸುತ್ತಾರೆ, ಅದು ಹಿಂದಕ್ಕೆ ಹಾರುತ್ತದೆ.

ಹೇಳಲಿಲ್ಲ.

ಎದುರಿಗೆ ಬಾವ ನಿಂತಿದ್ದರು, ಊರ ಗಂಡಸರೆಲ್ಲ ನಿಂತಿದ್ದರು, ಹನ್ನೊಂದು ವರ್ಷದಲ್ಲಿ ನಾನು ಬಾವನ ಎದುರು ಒಂದು ಮಾತು ಆಡಿದವಳಲ್ಲ. ಇಷ್ಟು ಹೇಳಿದರೆ ಯಾರಾದರೂ ಒಪ್ಪುತ್ತಾರೆ. ಆದರೆ ನಿಮ್ಮೆದುರು ನಿಜ ಬರೆಯಲೆಂದೇ ಕೂತಿದ್ದೇನೆ. ನಾಗಮ್ಮ ಹತ್ತು ಹೆಜ್ಜೆ ದೂರದಲ್ಲಿದ್ದಳು. ನೀರು ಕೊಡುವ ನೆಪದಲ್ಲಿ ಹೋಗಿ ಕಿವಿಯಲ್ಲಿ ಹೇಳಬಹುದಿತ್ತು. ಅಂಥ ಸಾವಿರ ನೆಪ ಮಾಡಿದ್ದೆ. ಆ ದಿನ ನನ್ನ ಮನಸ್ಸು ಹೇಳಿತು, ಕೀಲಿ ಅವಳ ಹತ್ತಿರ ಇದೆಯಲ್ಲ, ಅವಳೇ ತೆಗೆಯಲಿ. ಅದು ಬರೀ ನಾಚಿಕೆಯಾಗಿರಲಿಲ್ಲ.

ಗಾಡಿಯನ್ನು ನೆಲಕ್ಕಿಳಿಸಿದರು. ಹಿಂದಿನ ಎರಡು ಗಾಲಿಗಳ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟರು, ಅವನ್ನು ತುಳಿದು ಗಾಡಿ ಹೊರಡಬೇಕು. ಬಾವ ತೆಂಗಿನಕಾಯಿ ಒಡೆದರು. ನಾಗಮ್ಮ ಕ್ಲಚ್ ಬಿಟ್ಟಳು. ಗಾಡಿ ಹಿಂದಕ್ಕೆ ನೆಗೆದು ಎದುರುಮನೆಯ ಒಣ ಸಗಣಿ ಕುಳ್ಳಿನ ಒಟ್ಟಿಲೊಳಗೆ ಅರ್ಧ ಹೊಕ್ಕು ನಿಂತಿತು. ಕುಳ್ಳೆಲ್ಲ ನಾಗಮ್ಮನ ಮೇಲೆ. ಮೊದಲು ಮಂದಿ ಕೂಗಿದರು, ಆಮೇಲೆ ನಕ್ಕರು. ಅವಳನ್ನು ಎಬ್ಬಿಸಿದಾಗ ಬಾಯಿಂದ ರಕ್ತ ಬರುತ್ತಿತ್ತು. ನಾಲಿಗೆ ಕಚ್ಚಿಕೊಂಡಿದ್ದಳು.

ಬೀದಿಯ ನಡುವೆ ಎರಡು ನಿಂಬೆಹಣ್ಣು ಇಟ್ಟ ಹಾಗೆಯೇ ಇದ್ದವು. ಹಳದಿ, ದುಂಡಗೆ, ಒಂದು ಗೀರೂ ಇಲ್ಲದೆ. ಬಾವ ಅವನ್ನೇ ನೋಡುತ್ತಾ ನಿಂತರು.

"ಹಣ್ಣು ಒಡಿಲಿಲ್ಲ," ಎಂದರು. "ದೇವರ ಮನಸ್ಸಿಗಿ ಇಲ್ಲ. ನಾಳಿ ಇದನ್ನ ಯಾದಗಿರಿಗಿ ವಾಪಸ್ ಕೊಟ್ಟು, ಅಲ್ಲಿಂದ ಹಂಗೇ ಗುರುಮಠಕಲ್ಲಿಗಿ ಹೋಗಿ ಬರ್ತೀನಿ."

ಮುತ್ಯಾ ತಲೆ ತಗ್ಗಿಸಿಕೊಂಡರು. ಗುಜರಿಯವರು ಮೋಸ ಮಾಡಿದರು, ಹಾಳಾದ ಸಾಮಾನು ಕೊಟ್ಟರು ಎಂದು ಮಂದಿ ತೀರ್ಮಾನಿಸಿದರು. ನಾಲ್ಕೂ ಗೇರಿನಲ್ಲಿ ಹಿಂದಕ್ಕೆ ಹೋಗುವ ಗಾಡಿಯನ್ನು ಯಾರೂ ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಬಾವ ಎತ್ತಿನ ಬಂಡಿ ಹೂಡಿ ನಿಲ್ಲಿಸಿದರು. ಮುತ್ಯಾ ಗಾಡಿಯ ಕೆಳಗೆ ಮಲಗಿ ಬೋಲ್ಟು ಬಿಚ್ಚುತ್ತಿದ್ದರು. ನಾಗಮ್ಮ ಜಗುಲಿಯ ಮೇಲೆ ಕೂತಿದ್ದಳು. ಆ ಎರಡು ನಿಂಬೆಹಣ್ಣು ಅವಳ ಮಡಿಲಲ್ಲಿದ್ದವು, ಒಂದನ್ನು ಎತ್ತುವುದು, ಇನ್ನೊಂದನ್ನು ಇಡುವುದು. ನಾನು ಅವಳ ಪಕ್ಕ ಕೂತು, ಎಂದಿನ ಹಾಗೆ ಕಿವಿಗೆ ಬಗ್ಗಿ, ಗಾಡಿ ಕೆಟ್ಟಿಲ್ಲ, ಕೆಳಮೇಲಾಗಿದೆ ಅಷ್ಟೇ, ನಿಮ್ಮಣ್ಣನಿಗೆ ಹೇಳು ಎಂದೆ. ಅವಳು ನನ್ನ ಕಡೆ ತಿರುಗಿ ಬಾಯಿ ತೆರೆದು ತೋರಿಸಿದಳು. ನಾಲಿಗೆ ಬಾತು ಬದನೆಕಾಯಿಯಾಗಿತ್ತು. ಒಂದಕ್ಷರ ಹೊರಡುವಂತಿರಲಿಲ್ಲ. ಆ ಬಾತ ನಾಲಿಗೆ ನಾನು ಮಾಡಿದ ಕೆಲಸ.

ಅವಳು ಕೈಯಿಂದ ಬಾವನ ಕಡೆ ತೋರಿಸಿದಳು. ನೀನೇ ಹೋಗು ಎಂದು.

ಜಗುಲಿಯಿಂದ ಬಂಡಿಯ ತನಕ ಎಷ್ಟು ದೂರ, ನೀವೇ ನೋಡಿದ್ದೀರಿ. ನಾನು ಅಷ್ಟು ದೂರ ಯಾವತ್ತೂ ನಡೆದಿಲ್ಲ. ಸೆರಗು ಹಣೆಗೆ ಎಳೆದುಕೊಂಡು, ಬಾವನ ಚಪ್ಪಲಿ ನೋಡುತ್ತಾ ಹೇಳಿದೆ.

"ಬಾವಾರ, ಅದನ್ನ ಯಾದಗಿರಿಗಿ ಒಯ್ಯಬ್ಯಾಡ್ರಿ. ಅದು ಚಲೋ ಅದ. ನಾವೇ ತೆಳಗ ಮ್ಯಾಲ ಮಾಡಿ ಕೂಡ್ಸೀವಿ. ಮೂಗು ತೆಳಗ ಬಂದ್ರ ಗಾಡಿ ಮುಂದ ಹೋಗ್ತದ."

ಬಾವ ಬೇವಿನ ಗಿಡದ ಕಡೆ ನೋಡಿದರು, ಎತ್ತುಗಳ ಕಡೆ ನೋಡಿದರು. "ಯಾರ್ ಮಾತಾಡಿದ್ರು?" ಎಂದರು. ನಾಗಮ್ಮ ನಿಂಬೆಹಣ್ಣಿನ ಕೈಯಿಂದಲೇ ನನ್ನನ್ನು ತೋರಿಸಿದಳು.

"ಇಕಿಗಿ ಮಾತು ಬರ್ತಾವೇನೊ ತಮ್ಮಾ?"

ಗಾಡಿಯ ಕೆಳಗಿಂದ ಮುತ್ಯಾ, "ಇಷ್ಟು ಬರ್ತಾವ ಅಂತ ನನಗೂ ಇವತ್ತೇ ಗೊತ್ತಾತು," ಎಂದರು. ಆಮೇಲೆ ಕೆಳಗೆ ಬೋಲ್ಟಿನ ಪಾನಾ ಬಿದ್ದ ಸಪ್ಪಳ ಕೇಳಿಸಿತು. ಎಣ್ಣೆ ಮೆತ್ತಿದ ಮುಖ ಹೊರಗೆ ಬಂತು. "ಅಣ್ಣಾ, ಅಕಿ ಹೇಳೋದು ಖರೆ ಅದ. ನಾ ಕುರುಡ."

ಬಾವ ನನ್ನನ್ನು ಕೇಳಿದರು, ಹೇಗೆ ಗೊತ್ತಾಯಿತೆಂದು. ಸೆರಗಿನ ಕತೆ ಹೇಳಿದೆ. ವಿಭೂತಿಯ ಕತೆಯನ್ನೂ ಅರ್ಧ ಹೇಳಿದೆ. ಅವರು ತಲೆಯಾಡಿಸುತ್ತಾ ಕೇಳಿ, "ಮತ್ತ ನಿನ್ನೆನೇ ಯಾಕ ಹೇಳಲಿಲ್ಲವ್ವಾ?" ಎಂದರು. ಬೈಯಲಿಲ್ಲ, ಕೇಳಿದರು.

"ನಿನ್ನಿ ತಿಳೀಲಿಲ್ರಿ," ಎಂದೆ.

ಬಾವನ ಎದುರು ಬಾಯಿ ತೆರೆದ ಮೊದಲ ದಿನವೇ ಸುಳ್ಳು ಆಡಿದೆ. ನಾಗಮ್ಮ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಏನಾದರೂ ತಿಳಿಯಿತೋ ಇಲ್ಲವೋ, ನಾಲಿಗೆ ಬಾತಿತ್ತು, ಕೇಳುವಂತಿರಲಿಲ್ಲ. ನಾಲಿಗೆಯ ಬಾವು ಇಳಿದ ಮೇಲೂ ಅವಳು ಕೇಳಲಿಲ್ಲ.

ಬಸುರಿಯನ್ನು ಮತ್ತೆ ಸರಿಯಾಗಿ ಕೂರಿಸಿದರು. ಮೂಗಿಗೆ ಕಲ್ಲು ಬಡಿಯದಂತೆ ಮುತ್ಯಾ ಗಾಡಿಯ ಸ್ಪ್ರಿಂಗ್ ಪಟ್ಟಿಗಳ ಕೆಳಗೆ ಜಾಲಿಕಟ್ಟಿಗೆಯ ಓರೆ ತುಂಡು ಕೊಟ್ಟು ಅದನ್ನು ಸ್ವಲ್ಪ ಮೇಲಕ್ಕೆ ಎತ್ತಿದರು. ಎಣ್ಣೆ ತೊಟ್ಟಿಕ್ಕುವುದೂ ನಿಂತಿತು. ದೀಪಾವಳಿಯ ಹಿಂದಿನ ದಿನ ಬಾವ ತಾವೇ ಎರಡು ನಿಂಬೆಹಣ್ಣು ತಂದರು. ನಾಗಮ್ಮ ಬೇಡವೆಂದು ತಲೆಯಾಡಿಸಿ ಮಡಿಲಿನ ಹಳೆಯವನ್ನೇ ಕೊಟ್ಟಳು. ಅಷ್ಟರಲ್ಲಿ ಅವು ಸ್ವಲ್ಪ ಬಾಡಿದ್ದವು. ಎರಡೂ ಪಚಕ್ಕೆಂದು ಒಡೆದವು, ಗಾಡಿ ಹಣಮಂತದೇವರ ಕಟ್ಟೆಯ ಮೂಲೆಯಲ್ಲಿ ಒಂದು ಸಪ್ಪಳವಿಲ್ಲದೆ ತಿರುಗಿತು, ಒಳಗಿನ ಗಾಲಿ ಸಣ್ಣ ಹೆಜ್ಜೆ, ಹೊರಗಿನ ಗಾಲಿ ದೊಡ್ಡ ಹೆಜ್ಜೆ. ಮಧ್ಯಾಹ್ನ ಶಹಾಪುರದಿಂದ ತಿರುಗಿ ಬಂದಳು. ರೊಟ್ಟಿ ಒಂದೂ ಒಡೆದಿರಲಿಲ್ಲ ಎಂದು ಕೈಸನ್ನೆಯಲ್ಲಿ ಹೇಳಿದಳು. ಬಾವ ಹಾರೆ ತೆಗೆದುಕೊಂಡು ಹೆಬ್ಬಾಗಿಲಿನ ಎಡಗಡೆಯ ಕಟ್ಟೆಯನ್ನು ಅಗೆಯತೊಡಗಿದರು. ನಮ್ಮ ಬಾಗಿಲು ಯಾಕೆ ಒಂದು ಕಡೆ ಸೊಟ್ಟ ಎಂದು ಅಮರೇಶ ಚಿಕ್ಕವನಿದ್ದಾಗ ಕೇಳುತ್ತಿದ್ದ. ಬಸುರಿ ಒಳಗೆ ಬರಲೆಂದು ಅದು ಸೊಟ್ಟ.

ಆ ಗಾಡಿ ಹದಿನಾರು ವರ್ಷ ಓಡಿತು. ಮಳೆಗಾಲದಲ್ಲಿ ಒಂದು ತೊಂದರೆ ಕೊಡುತ್ತಿತ್ತು. ಒಂದು ಗಾಲಿ ಕೆಸರಿಗೆ ಸಿಕ್ಕರೆ ಬಸುರಿ ತನ್ನ ಬಲವನ್ನೆಲ್ಲ ಆ ಜಾರುವ ಗಾಲಿಗೇ ಕೊಟ್ಟು, ಗಟ್ಟಿ ನೆಲದಲ್ಲಿ ನಿಂತ ಗಾಲಿಯನ್ನು ಸುಮ್ಮನೆ ಬಿಟ್ಟುಬಿಡುತ್ತಿತ್ತು. ಆಗ ಜಾರುವ ಕಡೆ ಯಾರಾದರೂ ಭಾರ ಹಾಕಿ ನಿಲ್ಲಬೇಕು. ಅದಕ್ಕೆಂದೇ ಮಳೆಗಾಲದಲ್ಲಿ ನಾನೂ ಜೊತೆಗೆ ಹೋಗತೊಡಗಿದೆ. ಸೀರೆ ಎತ್ತಿ ಕಟ್ಟಿ ಗಾಲಿಯ ಮೇಲಿನ ಹಲಗೆಯ ಮೇಲೆ ನಿಂತು ಕುಣಿಯುವುದು, ನಾಗಮ್ಮ, "ಇನ್ನೂ ಜೋರು ವೈನಿ, ದಿನಾ ಉಣ್ಣೋದು ಎಲ್ಲಿ ಹೋಗ್ತದ?" ಎನ್ನುವುದು. ಖಾನಾವಳಿಯಲ್ಲಿ ಒಂದೆರಡು ಮಾತು ಆಡುವುದನ್ನೂ ಹಾಗೇ ಕಲಿತೆ. ಬಹಳವಲ್ಲ, ಒಂದೆರಡು.

ನಾಗಮ್ಮ ಶಹಾಪುರದಲ್ಲೇ ಮನೆ ಮಾಡಿದ ಮೇಲೆ ಗಾಡಿಯ ಕೆಲಸ ಮುಗಿಯಿತು. ಉಳಿದದ್ದನ್ನೆಲ್ಲ ಮಾರಿದ ಮುತ್ಯಾ ಬಸುರಿಯನ್ನು ಮಾತ್ರ ಗಿಡದ ಕೆಳಗೆ ಇಟ್ಟು, "ಇದು ನಿಂದು," ಎಂದಿದ್ದರು ನನಗೆ. ಯಾಕೆಂದು ಕೇಳಲಿಲ್ಲ. ಗುಜರಿಯಲ್ಲಿ ನನ್ನ ಕಪ್ಪು ಬೆರಳನ್ನು ಅವರೂ ನೋಡಿದ್ದರೇನೋ. ಈಗ ಕೇಳಲು ಅವರಿಲ್ಲ.

ಇದನ್ನು ಬರೆಯಲು ಶುರು ಮಾಡಿದಾಗ ನಾನು ಅಂದುಕೊಂಡದ್ದು, ನಾಗಮ್ಮನಿಗೆ ಕಣ್ಣು ಮಂಜಾಗಿವೆ, ಸುಧಾ ಹೋಗಿ ಓದಿ ಹೇಳಲಿ ಎಂದು. ಇಲ್ಲಿಯ ತನಕ ಬರೆದ ಮೇಲೆ ಅದು ಸರಿಯಲ್ಲ ಎನ್ನಿಸುತ್ತಿದೆ. ಮತ್ತೆ ನನ್ನ ಮಾತನ್ನು ಇನ್ನೊಬ್ಬರ ಬಾಯಿಗೆ ಹಾಕಿದಂತಾಗುತ್ತದೆ. ನಾಳೆ ಬೆಳಗಿನ ಬಸ್ಸಿಗೆ ನಾನೇ ಶಹಾಪುರಕ್ಕೆ ಹೋಗುತ್ತೇನೆ. ಅವಳ ಕಟ್ಟೆಯ ಮೇಲೆ ಕೂತು, ರೊಟ್ಟಿ ಬಡಿಯುವ ಹೆಂಗಸರಿದ್ದರೂ ಇರಲಿ, ವಿಭೂತಿಯ ಗೆರೆ ಹಿಂದಕ್ಕೆ ಇಳಿದದ್ದನ್ನು ನಾನು ಕಂಡೆನೆಂದು ಗಟ್ಟಿಯಾಗಿ ಓದುತ್ತೇನೆ. ಅವಳು ಬೈದರೆ ಬೈಯಲಿ, ಆ ನಾಲಿಗೆಗೆ ಅಷ್ಟು ಹಕ್ಕಿದೆ.

ಓದಿ ಮುಗಿದ ಮೇಲೆ ಈ ಹಾಳೆಗಳು ನಿಮ್ಮವು. ಸುಧಾ, ಅಮರೇಶ, ರೊಟ್ಟಿಯ ತಗಡಿನ ಡಬ್ಬಿಯಲ್ಲಿ ಹಾಕಿ ಜೋಪಾನವಾಗಿಡಿ. ನೆರೆಮನೆಯ ಹುಡುಗರ ಜೊತೆ ನಾನೂ ಕೈ ಹಚ್ಚಿ ಬಸುರಿಯನ್ನು ಗಿಡದ ಕೆಳಗೆ ಮತ್ತೆ ಇಟ್ಟಿದ್ದೇನೆ, ಮೂಗು ಕೆಳಗೆ ಮಾಡಿ. ಅದನ್ನು ಮುಟ್ಟಿದ ಕೈಯಿಂದಲೇ ಬರೆಯಲು ಕೂತಿದ್ದೆ. ಮೊದಲನೆಯ ಹಾಳೆಯಲ್ಲಿ ಒಂದು ಕಪ್ಪು ಬೆರಳಿನ ಗುರುತು ಬಿದ್ದಿದೆ, ಅದನ್ನು ಅಳಿಸಬೇಡಿ.